ಕಡೇ ಗಾಡಿ

ಫೆಬ್ರುವರಿ ಆರರ ಬೆಳಗ್ಗೆ ಜಡೆಯಮ್ಮ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಳು. ಒಳಗೆ ಕರೆದರೂ ಬರಲಿಲ್ಲ. ಕೊನೆಗೆ ಸಬ್ ಇನ್‌ಸ್ಪೆಕ್ಟರ್ ಪರಿಮಳ ತಾನೇ ಹೊರಗೆ ಹೋಗಿ ಪಕ್ಕದಲ್ಲಿ ಕೂತಳು. ದಿಂಬಂ ಘಾಟಿಯ ತಿರುವಿನಲ್ಲಿ ಅಂದು ನಸುಕಿಗೆ ಬೈಕಿನಿಂದ ಬಿದ್ದು ಸತ್ತ ಚಿಕ್ಕಮಾದನ ಹೆಂಡತಿ ಅವಳು; ಕಾಡಿನೊಳಗಿನ ಒಂದು ಪೋಡು ಅವರ ಊರು. ಅವನು ಕಬ್ಬು ಕಡಿಯಲು ಸತ್ಯಮಂಗಲದ ಕಡೆ ಇಳಿಯುತ್ತಿದ್ದ.

“ಏನಂತ ಬರೀಲವ್ವ?”

“ಕುಡ್ದಿತ್ತಿಲ್ಲ ಅಂತ ಬರಿ ತಾಯಿ.”

“ದೂರು ಯಾರ ಮೇಲೆ?”

“ಯಾರ್ ಮ್ಯಾಲೂ ಇಲ್ಲ. ಕುಡ್ದು ಬಿದ್ದ ಅಂತ ಪೋಡಿನೋರೆಲ್ಲ ಆಡ್ಕತಾವ್ರೆ. ಮಾದಪ್ಪನ ಮ್ಯಾಲೆ ಆಣೆ ಮಾಡಿ ಬುಟ್ಟಿದ್ದ ಕಣವ್ವ. ಇನ್ ಮುಂದ್ಕೆ ನನ್ ಮಗ್ಳು ರೂಪಾನ ಆಣೆ ತಪ್ಪುದೋನ್ ಮಗ್ಳು ಅಂತ ಕರೀತಾರೆ. ಸಾಯಗಂಟ ಕರೀತಾರೆ.”

ಕುಡಿದಿರಲಿಲ್ಲ ಎನ್ನುವುದಕ್ಕೆ ಎಫ್‌ಐಆರ್ ಆಗುವುದಿಲ್ಲ. ಅಸಹಜ ಸಾವು ಎಂದು ದಾಖಲಿಸಿ, ಪರಿಮಳ ಹೆಡ್ ಕಾನ್ಸ್‌ಟೇಬಲ್ ದಯಾನಂದನ ಜೊತೆ ಘಾಟಿಗೆ ಹೊರಟಳು.

ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಬೈಕು ಚರಂಡಿಯಲ್ಲಿತ್ತು. ಅದಕ್ಕಿಂತ ಮೇಲೆ, ರಸ್ತೆಯ ನಡುವೆ, ಕುಂಬಳಕಾಯಿ ಗಾತ್ರದ ಕಲ್ಲು.

“ಇದು ಉರುಳಿ ಬಂದಿದ್ದಲ್ಲ ಮೇಡಂ,” ದಯಾನಂದ ಕೂತು ನೋಡಿದ. “ಟೈರು ಉಜ್ಜಿರೋ ಗುರ್ತದೆ.”

ಕಲ್ಲಿನ ಒಂದು ಮೈಗೆ ರಬ್ಬರಿನ ಕಪ್ಪು ಮೆತ್ತಿತ್ತು, ಇನ್ನೊಂದರಲ್ಲಿ ಬೈಕಿನ ರಿಮ್ಮು ಗೀರಿದ ಹೊಸ ಗಾಯ. ಏರಿನಲ್ಲಿ ಲೋಡು ಲಾರಿ ನಿಂತುಬಿಟ್ಟರೆ ಹಿಂದಕ್ಕೆ ಉರುಳದಂತೆ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಲಾರಿ ಮುಂದೆ ಹೊರಟ ಮೇಲೆ ಕ್ಲೀನರ್ ಅದನ್ನು ಬದಿಗೆ ಎಸೆದು, ಓಡಿಹೋಗಿ ಹತ್ತಿಕೊಳ್ಳುತ್ತಾನೆ. ಈ ಕಲ್ಲನ್ನು ಯಾರೂ ಎಸೆದಿರಲಿಲ್ಲ. ಸಂಜೆ ಲಾರಿಗಳಿಗೆ ಘಾಟಿ ಮುಚ್ಚುತ್ತದೆ. ಹಿಂದೆ ಇನ್ನೊಂದು ಲಾರಿ ಬಂದಿದ್ದರೆ ಕಲ್ಲು ನಡುರಸ್ತೆಯಲ್ಲಿ ಉಳಿಯುತ್ತಿರಲಿಲ್ಲ. ಅಂದರೆ ನಿನ್ನೆ ಎಲ್ಲರಿಗಿಂತ ಕೊನೆಗೆ ಹತ್ತಿದ ಲಾರಿಯದು.

ಪಂಚನಾಮೆ ಮುಗಿಸಿ ಇಬ್ಬರೂ ದಿಂಬಂನಲ್ಲಿ ಶಕುಂತಲಮ್ಮನ ಟೀ ಅಂಗಡಿಗೆ ಬಂದರು.

“ದಯಾನಂದಣ್ಣ, ಕಾಸು ಕೊಟ್ಟು ಕುಡಿಯಾಕೆ ಬಂದ್ಯಾ, ಇಲ್ಲ ಯೂನಿಫಾರ್ಮಲ್ಲಿ ಬಂದ್ಯಾ?”

“ನಿನ್ನೆ ಕಡೇಲಿ ಹತ್ತಿದ ಲಾರಿ ಯಾವ್ದಕ್ಕ? ಅದ್ನ ಯೇಳು ಮೊದ್ಲು.”

ಶಕುಂತಲಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿದಳು. “ಅವ್ರು ಒಳ್ಳೇರು ಕಣಣ್ಣ.”

“ಯಾರು?” ಪರಿಮಳ ಕೇಳಿದಳು.

“ತಾಳವಾಡಿ ಕಡೆ ವೃಷಭೇಂದ್ರಪ್ಪೋರು. ಮಿಲ್ಟ್ರೀಲಿ ಲಾರಿ ಓಡಿಸ್ದೋರು. ಒಬ್ರೇ ಬಂದ್ರು. ಕ್ಲೀನರ್ ಎಲ್ಲಿ ಅಂದೆ, ಬುಟ್ಟೋದ, ಇರ್ಲಿ ಬುಡು, ಕಡೇ ಗಾಡಿ ಬತ್ತದಲ್ಲ ಅಂದ್ರು. ಜೊತೆ ಲಾರಿ ಇರ್ಬೇಕು ಅಂತ ನಾ ಹಾಲು ಕಾಯಿಸ್ಕಂಡು ಕುಂತಿದ್ದೆ. ಯಾವ್ದೂ ಬರ್ನಿಲ್ಲ.”

ಶಕುಂತಲಮ್ಮನಿಂದ ನಂಬರ್ ಪಡೆದು ಪರಿಮಳ ಅಲ್ಲಿಂದಲೇ ಅವನಿಗೆ ಫೋನ್ ಮಾಡಿದಳು. ಆ ಕಡೆ ಎಂಜಿನ್ ಸದ್ದು. ಲೋಡು ಈರೋಡಿನ ಅರಿಸಿನ, ಹೊರಟಿದ್ದು ನಾಗಪುರಕ್ಕೆ. ಚಿತ್ರದುರ್ಗದ ಹತ್ತಿರ ಇದ್ದೀನಿ ಎಂದ.

“ಘಾಟೀಲಿ ಚಕ್ರಕ್ಕೆ ಕಲ್ಲು ಕೊಟ್ಟಿದ್ರಾ?”

“ಕೊಟ್ಟಿದ್ದೆ.”

“ತೆಗೆದ್ರಾ?”

“ಕಡೇ ಗಾಡಿಯೋರು…” ಮಾತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಎಂಜಿನ್ನೂ ನಿಂತಿತು. “ಯಾರ್ಗೆ ಏನಾಯ್ತು ಮೇಡಂ?”

ಹೇಳಿದಳು.

“ಬತ್ತೀನಿ.”

“ಎಲ್ಲಿ ಬಂದಾರು,” ದಯಾನಂದ ನಕ್ಕ. “ನಾಗಪುರದಾಚೆ ದೇಶ ದೊಡ್ಡದು.”

ಮರುದಿನ ಮಧ್ಯಾಹ್ನ ವೃಷಭೇಂದ್ರ ಬಸ್ಸಿನಲ್ಲಿ ಬಂದಿಳಿದ. ಲಾರಿಯನ್ನು ಬೇರೆ ಡ್ರೈವರಿಗೆ ಒಪ್ಪಿಸಿದ್ದ. ಕೂರಿ ಎಂದರೂ ಕೂರದೆ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ.

“ಯಾವ ಕಡೇ ಗಾಡಿ?”

“ಲಡಾಖಲ್ಲಿ ನಾವು ಸಾಲಾಗಿ ಓಗ್ತಿದ್ದೋ ಮೇಡಂ. ಏರಲ್ಲಿ ನಿಂತ್ರೆ ಕಲ್ಲು ಕೊಡೋದು, ಒಂಟೋಗೋದು. ಇಳಿದು ಎತ್ತಂಗಿಲ್ಲ, ಹಿಂದಿನ ಗಾಡಿಗಳೆಲ್ಲ ನಿಂತೋಯ್ತವೆ. ಎಲ್ರ ಹಿಂದೆ ಒಂದು ಗಾಡಿ ಬತ್ತಿತ್ತು. ನಾವ್ ಬುಟ್ಟಿದ್ದ ಕಲ್ಲು, ಹಗ್ಗ, ಕೆಟ್ಟೋದ ಗಾಡಿ, ಸತ್ತೋರು… ಎಲ್ಲಾನೂ ಎತ್ಕಂಡು ಬತ್ತಿತ್ತು.”

“ಇಲ್ಲಿ ಅಂಥ ಗಾಡಿ ಇಲ್ಲ ಅಂತ ಗೊತ್ತಿಲ್ವಾ?”

“ಗೊತ್ತು. ಇಷ್ಟ್ ದಿನ ಕ್ಲೀನರ್ ಎತ್ತಾಕ್ತಿದ್ದ. ಮೊನ್ನೆ ಒಬ್ನೇ ಇದ್ದೆ. ಏರು ಕಂಡ್ರೆ ತಲೆ ಅಲ್ಲಿಗೇ ಓಯ್ತದೆ ಮೇಡಂ. ಬಾಯೂ ಅದ್ನೇ ಯೇಳ್ತದೆ.”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದ. ಠಾಣೆಯಲ್ಲೇ ಜಾಮೀನು ಸಿಗುವ ಕಲಂ ಅದು. ಅದನ್ನು ಹೇಳಿದಾಗ, ಶಿಕ್ಷೆ ಬೇಕೆಂದೇ ಬಂದವನಂತೆ ಅವನ ಮುಖ ಇನ್ನಷ್ಟು ಬಾಡಿತು.

ಸುದ್ದಿ ತಿಳಿದು ಜಡೆಯಮ್ಮ ಬಂದಳು. ಈ ಸಲ ಒಳಗೇ ಬಂದಳು.

“ಕಲ್ಲು ಬುಟ್ಟೋರು ಇವ್ರೇನಾ? ಅಂಗಾರೆ ಈಗ ಬರಿ ತಾಯಿ, ಕುಡ್ದಿತ್ತಿಲ್ಲ ಅಂತ.”

ಪರಿಮಳ ವಿವರಿಸಲು ನೋಡಿದಳು. ಕಲ್ಲಿಗೆ ತಾಗಿ ಬಿದ್ದದ್ದು ನಿಜ. ಕುಡಿದಿದ್ದನೋ ಇಲ್ಲವೋ ಎಂಬುದನ್ನು ಪ್ರಯೋಗಾಲಯ ಹೇಳಬೇಕು. ತಿಂಗಳುಗಳೇ ಹಿಡಿಯಬಹುದು.

“ತಿಥಿ ಬರೋ ವಾರ ಕಣವ್ವ. ಎಲ್ಲಾರೂ ಕೂಡ್ತಾರೆ.”

ಜಡೆಯಮ್ಮ ವೃಷಭೇಂದ್ರನ ಕಡೆ ತಿರುಗಿದಳು.

“ನೀವಾದ್ರೂ ಬನ್ನಿ ಬುದ್ಧಿ. ನಮ್ ಪೋಡಲ್ಲಿ ನಿಂತ್ಕಂಡು ಒಂದ್ ಮಾತು ಯೇಳಿ. ಮಿಲ್ಟ್ರಿಯೋರು ಯೇಳುದ್ರೆ ನಂಬ್ತಾರೆ.”

“ಬತ್ತೀನಿ ತಾಯಿ. ಕಲ್ಲು ನಂದು ಅಂತ ಯೇಳ್ತೀನಿ. ಕುಡ್ದಿತ್ತಿಲ್ಲ ಅಂತ ಯೆಂಗೆ ಯೇಳ್ಳಿ? ನಾ ಅಲ್ಲಿ ಇರ್ನಿಲ್ಲವಲ್ಲ.”

“ಮತ್ತೆ ಯಾರಿದ್ರು?”

ದಯಾನಂದ ಫ್ಯಾನಿನ ಕಡೆ ನೋಡುತ್ತಿದ್ದ.

ಪರಿಮಳ ಕೇಸ್ ಡೈರಿ ಎಳೆದುಕೊಂಡಳು. ಆರೋಪಿಯ ಕೃತ್ಯಕ್ಕೆ ಕಾರಣ: ಸೇನೆಯ ಹಳೆಯ ಅಭ್ಯಾಸ. ಮೃತನು ಮದ್ಯ ಸೇವಿಸಿದ್ದನೇ: ವರದಿ ಬಾಕಿ. ಬರೆದದ್ದು ಠಾಣೆಯ ಭಾಷೆಯಾದ ತಮಿಳಿನಲ್ಲಿ. ಜಡೆಯಮ್ಮನಿಗೆ ಯಾವ ಭಾಷೆಯೂ ಓದಲು ಬಾರದೆಂದು ಗೊತ್ತಿದ್ದೂ ಪರಿಮಳ ಆ ಕೊನೆಯ ಸಾಲು ಕಾಣದಂತೆ ಅದರ ಮೇಲೆ ಅಂಗೈ ಇಟ್ಟುಕೊಂಡಳು.