ಪೂಜಿತಾ ಬರೆಯದ ಕಾಗದಗಳು

ಪೂಜಿತಾ ಎಂಬ ವಿದ್ಯಾರ್ಥಿನಿ ವಿಶ್ವವಿದ್ಯಾಲಯ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಆದರೆ ಅವಳ ಕಾಗದ ಕಳೆದ ಫೆಬ್ರವರಿಯಲ್ಲೂ ಬಂದಿತ್ತು.

ಇದು ಪಾವನಾಳಿಗೆ ಗೊತ್ತಾದದ್ದು ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಟಕ್ವಿಲಾ ಎಂಬ ಅಮೆರಿಕನ್ ಊರಿನ ಗೋದಾಮುಗಳ ಹಿಂದಿನ ಗುಡ್ಡದ ಮೇಲಿದ್ದ ಆ ಸಣ್ಣ ಖಾಸಗಿ ವಿಶ್ವವಿದ್ಯಾಲಯಕ್ಕೆ ಓವರ್‌ಲೇಕ್ ಬಡಾವಣೆಯ ಕನ್ನಡಿಗ ಸಾಫ್ಟ್‌ವೇರ್ ಮಂದಿಯ ದೇಣಿಗೆ ಹೆಚ್ಚಾದ ಮೇಲೆ, ಕನ್ನಡ ಮನೆಮಾತಿನ ನಾಲ್ಕೈದು ಜನರ ಒಂದು ತಂಡ ಕಟ್ಟಿದ್ದರು. ದಾನಿಗಳಿಗೆ ಕೃತಜ್ಞತೆ ಹೇಳುವುದು, ಅವರ ಸಂಪರ್ಕ ಉಳಿಸಿಕೊಳ್ಳುವುದು ತಂಡದ ಕೆಲಸ. ಪಾವನಾ ಸೇರಿ ಎಂಟು ತಿಂಗಳಾಗಿತ್ತು.

ಅವಳ ಮೇಜಿನ ಮುಂದೆ ಕೂತಿದ್ದವರು ಗಣಪತಿ ಮತ್ತು ಸುಲೋಚನಾ. ಗಣಪತಿ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದವರು. ಅವರ ಒಬ್ಬಳೇ ಮಗಳು ಅಕ್ಷಯಾ ಇದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಹತ್ತೊಂಬತ್ತನೇ ವಯಸ್ಸಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಳು. ಅವಳ ಹೆಸರಿನ ವಿದ್ಯಾರ್ಥಿವೇತನ ಮೊದಲು ಸಿಕ್ಕಿದ್ದು ಶಿವಮೊಗ್ಗದಿಂದ ಬಂದ ಪೂಜಿತಾಳಿಗೆ. ಬರುವ ಶುಕ್ರವಾರ ದಂಪತಿ ತಮ್ಮ ಮನೆಯನ್ನೂ ಆ ನಿಧಿಗೇ ಬರೆದುಕೊಡುವ ಉಯಿಲಿಗೆ ಸಹಿ ಹಾಕುವವರಿದ್ದರು.

"ಅದಕ್ಕೆ ಮುಂಚೆ ಒಂದ್ಸಲ ಹುಡುಗೀನ ನೋಡ್ಬೇಕು ಅನ್ನಿಸ್ತಮ್ಮ. ಯಾವ ಕ್ಲಾಸಲ್ಲಿರ್ತಾಳೆ ಹೇಳು, ಹೊರಗೆ ಕಾಯ್ತೀವಿ," ಎಂದರು ಸುಲೋಚನಾ.

ಪಾವನಾ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. ಎದ್ದು ಹೋಗಿ ಗೌರಾದೇವಿಯನ್ನು ಕರೆತಂದಳು.

ಗೌರಾದೇವಿ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೃತಜ್ಞತಾಪತ್ರಗಳ ಜವಾಬ್ದಾರಿ ಹೊತ್ತವರು. ಕಳೆದುಹೋದ ಚೆಕ್ಕು, ಹೆಸರು ಹೇಳದ ದಾನಿ, ಒಂದೇ ಕಟ್ಟಡಕ್ಕೆ ಎರಡು ಹೆಸರು, ಹೀಗೆ ಕಚೇರಿಯ ಯಾವ ಗೋಜಲಾದರೂ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು. ಅವರು ವಿಷಯವನ್ನು ಮುಚ್ಚಿಡಲಿಲ್ಲ. ಹುಡುಗಿ ಇಲ್ಲಿಲ್ಲವೆಂದು ನೇರವಾಗಿ ಹೇಳಿ, ಬಂದ ಕಾಗದಗಳನ್ನು ತೋರಿಸಬಹುದೇ ಎಂದು ಕೇಳಿದರು.

ಸುಲೋಚನಾ ಚೀಲದಿಂದ ಮೂರು ಲಕೋಟೆ ತೆಗೆದರು. ಮೂರೂ ಕನ್ನಡದ ಕಾಗದಗಳು. ಮೂರು ವರ್ಷದ ಹಿಂದಿನದು ಕೈಬರಹದಲ್ಲಿತ್ತು, 'ಗಣಪತಿ ಸರ್ ಅವರಿಗೆ' ಎಂದು ಶುರುವಾಗಿತ್ತು. ಹೋದ ವರ್ಷದ್ದು ಮತ್ತು ಈ ಫೆಬ್ರವರಿಯದ್ದು ಕಂಪ್ಯೂಟರಿನಲ್ಲಿ ಅಚ್ಚಾದವು. ಕೊನೆಯದರಲ್ಲಿ ಹೀಗಿತ್ತು: 'ನಿಮ್ಮನ್ನು ಅಪ್ಪ ಎಂದು ಕರೆಯಬಹುದೇ? ಅಕ್ಷಯಾ ಅಕ್ಕನ ಹಾಗೆ ನಾನೂ ಹಾಸ್ಟೆಲ್ ಕಿಟಕಿಯಲ್ಲಿ ತುಳಸಿ ಇಟ್ಟುಕೊಂಡಿದ್ದೇನೆ.'

ಪಾವನಾ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಅದು ತುಳಸಿ ಅಲ್ಲ," ಸುಲೋಚನಾ ಸಣ್ಣ ದನಿಯಲ್ಲಿ ಹೇಳಿದರು. "ದೊಡ್ಡಪತ್ರೆ. ಅಕ್ಷಯಾಗೆ ಯಾವಾಗ್ಲೂ ಶೀತ, ಅದಕ್ಕೇ ನಾನೇ ಕುಂಡ ಕೊಟ್ಟು ಕಳಿಸಿದ್ದೆ. ಯಾರೋ ತಪ್ಪು ಹೇಳಿರ್ಬೇಕು, ಪಾಪ ಮಗು ಅಂತ ಸುಮ್ಮನಾದೆ."

"ಗಿಡದ ವಿಷಯ ಯಾರಿಗಾದ್ರೂ ಹೇಳಿದ್ರಾ?" ಗೌರಾದೇವಿ ಕೇಳಿದರು.

"ಇಲ್ಲ. ಹಾಸ್ಟೆಲ್ ಕಿಟಕಿ ಹತ್ರ ಕುಂಡ ಹಿಡ್ಕೊಂಡಿರೋ ಫೋಟೊ ಒಂದಿದೆ. ಈ ಜನವರೀಲಿ ಫ್ರೇಮ್ ಹಾಕ್ಸಿ ಹಾಲಲ್ಲಿ ಹಾಕಿದ್ವಿ."

ಗೌರಾದೇವಿ ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿದರು. ಫೆಬ್ರವರಿ ಹತ್ತು. ಎರಡು ದಿನ ಕೊಡಿ ಎಂದು ಕೇಳಿಕೊಂಡು ದಂಪತಿಯನ್ನು ಕಾರಿನವರೆಗೂ ಬಿಟ್ಟುಬಂದರು.

ಇವರಿಬ್ಬರನ್ನು ಬಿಟ್ಟರೆ, ಆ ಕಾಗದ ಬರೆದಿರಬಹುದಾದವರು ತಂಡದಲ್ಲಿ ಮೂವರಿದ್ದರು. ವಿಭಾಗದ ಮುಖ್ಯಸ್ಥೆ ವಿಜಯಾ. ದೊಡ್ಡ ದಾನಿಗಳ ಮನೆಗೆ ಹೋಗಿಬರುವ ಅಧಿಕಾರಿ ತ್ರಿವಿಕ್ರಮ. ವಿದ್ಯಾರ್ಥಿಗಳ ಕಾಗದಗಳನ್ನು ಸಂಗ್ರಹಿಸಿ ದಾನಿಗಳಿಗೆ ಕಳುಹಿಸುವ ಕೌಶಿಕ್.

ಪಾವನಾಳ ಅನುಮಾನ ಕೌಶಿಕ್ ಮೇಲೆ. ಕೇಳಿದಾಗ ಅವನು ಕೆಂಪಾದ. "ಐ ಫಿಕ್ಸ್ ದೇರ್ ಇಂಗ್ಲಿಷ್ ಸಮ್‌ಟೈಮ್ಸ್. ಬಟ್ ಐ ಕಾಂಟ್ ಈವನ್ ರೀಡ್ ಕನ್ನಡ," ಎಂದ. ಇಲ್ಲೇ ಹತ್ತಿರದ ಬೆಲ್‌ವ್ಯೂನಲ್ಲಿ ಹುಟ್ಟಿ ಬೆಳೆದ ಹುಡುಗ.

"ಹಾಗಾದ್ರೆ ಅವನಲ್ಲ ಅಲ್ವಾ ಆಂಟಿ?" ಎಂದು ಪಾವನಾ ಆಮೇಲೆ ಗೌರಾದೇವಿಯನ್ನು ಕೇಳಿದಳು.

"ಈಗ ಫೋನೇ ಕನ್ನಡದಲ್ಲಿ ಬರೆದುಕೊಡುತ್ತೆ. ಬರಲ್ಲ ಅಂದ ಮಾತ್ರಕ್ಕೆ ಬಿಡೋಕಾಗಲ್ಲ," ಎಂದರು ಗೌರಾದೇವಿ. "ಗಣಪತಿಯವರ ಫೈಲ್ ತೆಗಿ."

ದಾನಿಯ ಮನೆಗೆ ಹೋಗಿಬಂದವರು ಅಲ್ಲಿ ಕಂಡು ಕೇಳಿದ್ದನ್ನು ಫೈಲಿನಲ್ಲಿ ದಾಖಲಿಸಬೇಕು. ದಾನಿಯೇ ಓದಿದರೂ ನಾಚಿಕೆಯಾಗದಂತೆ ಬರೆಯಬೇಕು. ಪಾವನಾಳಿಗೆ ಗೌರಾದೇವಿ ಕಲಿಸಿದ್ದ ಮೊದಲ ಪಾಠ ಅದು. ಪರದೆಯ ಮೇಲೆ ತ್ರಿವಿಕ್ರಮನ ವರದಿ ತೆರೆದುಕೊಂಡಿತು. 'ಭೇಟಿ ಫೆಬ್ರವರಿ 6. ಗೋಡೆಯಲ್ಲಿ ಮಗಳ ಫೋಟೊ, ಕೈಯಲ್ಲಿ ತುಳಸಿ ಕುಂಡ. ದುಃಖ ಇನ್ನೂ ಹಸಿ. ಮನೆಯ ವಿಷಯ ಎತ್ತಲು ಒಳ್ಳೆಯ ಸಮಯ.'

ಕೊನೆಯ ಸಾಲು ಓದಿ ಪಾವನಾ ಕುರ್ಚಿ ಹಿಂದಕ್ಕೆ ಸರಿಸಿದಳು. ಕೊಳೆತದ್ದನ್ನು ಅರಿಯದೆ ಮುಟ್ಟಿದಂತಿತ್ತು. "ತುಳಸಿ ಅಂತ ಇಲ್ಲೇ ಇದೆ. ಈ ಫೈಲು ಮೂರೂ ಜನ ನೋಡ್ಬಹುದು. ಯಾರು ಅಂತ ಹೇಗೆ ಹೇಳೋದು?"

"ಇದನ್ನ ಯಾವತ್ತು ಸೇರಿಸಿದಾನೆ, ನೋಡು."

"ಇಪ್ಪತ್ತನಾಲ್ಕಕ್ಕೆ. ಫೆಬ್ರವರಿ ಇಪ್ಪತ್ತನಾಲ್ಕು."

ಗೌರಾದೇವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಗುರುವಾರ ಮೂರು ಗಂಟೆಗೆ ಸಭೆ ಕರೆದರು.

ಸಭೆಗೆ ಗಣಪತಿ ದಂಪತಿ ಬರುವುದು ವಿಜಯಾಗೆ ಇಷ್ಟವಿರಲಿಲ್ಲ. "ಇಂಟರ್ನಲ್ ಆಗಿ ಮುಗಿಸ್ಬಹುದಿತ್ತು ಗೌರಾ," ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಗೌರಾದೇವಿ ಕೇಳಿಸದವರಂತೆ ಒಳಗೆ ಹೋದರು. ತ್ರಿವಿಕ್ರಮ ಆಗಲೇ ಸುಲೋಚನಾರಿಗೆ ಕಾಫಿ ತಂದುಕೊಟ್ಟು, "ಆರೋಗ್ಯ ಹೇಗಿದೆ ಆಂಟಿ?" ಎಂದು ವಿಚಾರಿಸುತ್ತಿದ್ದ.

ಗೌರಾದೇವಿ ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ಮೊದಲನೇದು ಪೂಜಿತಾ ಬರೆದದ್ದೇ. ಉಳಿದೆರಡು ಬರೋ ಹೊತ್ತಿಗೆ ಅವಳು ಇಲ್ಲಿರಲಿಲ್ಲ, ಅದಕ್ಕೇ ಕೈಬರಹ ಇಲ್ಲ. ಸಹಿ ಮಾತ್ರ ಮೊದಲನೇದರಿಂದ ನಕಲು ಮಾಡಿದ್ದು. ಮೂರರಲ್ಲೂ ಒಂದು ಗೆರೆ ವ್ಯತ್ಯಾಸ ಇಲ್ಲ. ಬರೆದವರು ಯಾರು ಅಂತ ಆ ಗಿಡ ಹೇಳ್ತು. ಅದು ದೊಡ್ಡಪತ್ರೆ. ತುಳಸಿ ಅನ್ನೋ ತಪ್ಪು ಎರಡೇ ಕಡೆ ಇದೆ, ಈ ಕಾಗದದಲ್ಲಿ ಮತ್ತೆ ನಮ್ಮ ಫೈಲಲ್ಲಿ."

"ಫೈಲನ್ನ ಎಲ್ಲರೂ ಓದ್ತಾರಲ್ಲ," ಎಂದ ತ್ರಿವಿಕ್ರಮ ನಗುತ್ತ.

"ಓದ್ತಾರೆ. ಆದ್ರೆ ಕಾಗದ ಅಂಚೆಗೆ ಬಿದ್ದದ್ದು ಹತ್ತನೇ ತಾರೀಕು. ನೀನು ಫೈಲಿಗೆ ಸೇರಿಸಿದ್ದು ಇಪ್ಪತ್ತನಾಲ್ಕಕ್ಕೆ. ಆ ಹದಿನಾಲ್ಕು ದಿನ ಈ ತಪ್ಪು ಇದ್ದದ್ದು ಒಬ್ಬರ ತಲೇಲಿ ಮಾತ್ರ. ಗಿಡದ ಬಗ್ಗೆ ಇವರು ಯಾರಿಗೂ ಹೇಳಿಲ್ಲ. ಫೋಟೊ ಗೋಡೆಗೆ ಬಂದದ್ದು ಜನವರೀಲಿ. ಆಮೇಲೆ ನಮ್ಮ ಕಚೇರಿಯಿಂದ ಅವರ ಮನೆಗೆ ಹೋದವನು ನೀನೊಬ್ಬನೇ. ಕೌಶಿಕ್ ಹೋಗಿಲ್ಲ, ವಿಜಯಾ ಹೋಗಿಲ್ಲ."

ತ್ರಿವಿಕ್ರಮನ ನಗು ಮುಖದ ಮೇಲೇ ಉಳಿಯಿತು, ತೆಗೆಯುವುದು ಮರೆತಂತೆ. ವಿಜಯಾ ತಲೆ ತಗ್ಗಿಸಿ ತಮ್ಮ ಉಂಗುರ ತಿರುಗಿಸುತ್ತಿದ್ದರು.

"ಒಂದು ಡಾಲರ್ ಮುಟ್ಟಿಲ್ಲ ನಾನು," ಎಂದ ತ್ರಿವಿಕ್ರಮ. "ದುಡ್ಡೆಲ್ಲ ಫಂಡಲ್ಲೇ ಇದೆ, ಚೆಕ್ ಮಾಡ್ಕೊಳ್ಳಿ. ಹುಡುಗಿ ಬಿಟ್ಟುಹೋದ್ಲು ಅಂದಿದ್ರೆ ಇವ್ರಿಗೆ ಬೇಜಾರಾಗ್ತಿತ್ತು. ಕಾಗದ ಬಂದ್ರೆ ಖುಷಿಪಡ್ತಿದ್ರು. ಡೋನರ್ ರಿಲೇಷನ್ಸ್ ಅಂದ್ರೆ ಅದೇ ತಾನೆ? ಯಾರಿಗೆ ಏನು ನಷ್ಟ ಆಯ್ತು?"

ಸುಲೋಚನಾ ಕಾಫಿ ಲೋಟವನ್ನು ದೂರ ತಳ್ಳಿದರು. "ದೀಪಾವಳಿಗೆ ಅವಳಿಗೆ ಅಂತ ನಿನ್ನ ಕೈಲಿ ಕೋಡುಬಳೆ ಕೊಟ್ಟಿದ್ದೆ. ನಾನೇ ಹೆಣೆದ ಸ್ವೆಟರ್ ಕೊಟ್ಟಿದ್ದೆ."

"ತಿಂಡಿ ಪ್ಯಾಂಟ್ರೀಲಿಟ್ಟೆ. ಸ್ವೆಟರು... ಹಳೇ ಬಟ್ಟೆ ಡಬ್ಬಕ್ಕೆ ಹಾಕಿದೆ."

ಪಾವನಾ ಬಾಯಿಗೆ ಕೈ ಅಡ್ಡ ಹಿಡಿದಳು. ನವೆಂಬರಿನಲ್ಲಿ ಪ್ಯಾಂಟ್ರಿಯಲ್ಲಿ ನಿಂತು ಆ ಕೋಡುಬಳೆ ತಿಂದವರಲ್ಲಿ ಅವಳೂ ಒಬ್ಬಳು. ಚೆನ್ನಾಗಿದೆ ಎಂದು ಇನ್ನೆರಡು ತೆಗೆದುಕೊಂಡಿದ್ದಳು. ಈಗ ಎದ್ದು ಹೊರಗೆ ಓಡಬೇಕೆನಿಸಿತು. ಕಷ್ಟಪಟ್ಟು ಕೂತಳು.

ವಿಜಯಾ ತ್ರಿವಿಕ್ರಮನನ್ನು ಹೊರಗೆ ಕಳುಹಿಸಿ, ದಂಪತಿಯತ್ತ ತಿರುಗಿ ಮೆಲ್ಲನೆ ಕೇಳಿದರು. "ಅವನ ಮೇಲೆ ಖಂಡಿತ ಕ್ರಮ ತಗೋತೀವಿ. ನಾಳೆಯ ಸಹಿ ವಿಷಯ ಮಾತ್ರ, ನಿಧಾನವಾಗಿ ಯೋಚನೆ ಮಾಡಿ ಅಂತ..."

ಗಣಪತಿ ಆಕೆಯನ್ನು ನೋಡಿದರು ಅಷ್ಟೆ.

ಗೌರಾದೇವಿ ಇನ್ನೊಂದು ಹಾಳೆಯನ್ನು ಅವರ ಮುಂದೆ ಇಟ್ಟರು. "ಬಂದ ಕಾಗದಗಳನ್ನೆಲ್ಲ ಕೌಶಿಕ್ ಸ್ಕ್ಯಾನ್ ಮಾಡಿಡ್ತಾನೆ. ಅದರಲ್ಲಿ ಇದು ಸಿಕ್ತು. ಬಿಟ್ಟುಹೋಗೋವಾಗ ಪೂಜಿತಾ ನಿಮಗೆ ಬರೆದದ್ದು. ಮೂಲ ಪ್ರತಿ ತ್ರಿವಿಕ್ರಮನ ಕೈಗೆ ಹೋಗಿತ್ತು, ನಿಮಗೆ ತಲುಪಲೇ ಇಲ್ಲ. ನಿನ್ನೆ ಅವಳ ಜೊತೆ ಮಾತಾಡಿದೆ. ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ಲಂತೆ, ಈಗ ಇಲ್ಲೇ ಹತ್ತಿರ ಟಕೋಮದಲ್ಲಿ ಅಕ್ಕನ ಮನೇಲಿದ್ದು ಅಲ್ಲೇ ಕಾಲೇಜಿಗೆ ಹೋಗ್ತಿದಾಳೆ. ನೀವು ಉತ್ತರ ಬರೀದೇ ಇದ್ದದ್ದಕ್ಕೆ ಸಿಟ್ಟಾಗಿದೀರಿ ಅಂದ್ಕೊಂಡಿದ್ಲಂತೆ."

ಗಣಪತಿ ಹಾಳೆ ಎತ್ತಿಕೊಂಡರು. ಎರಡು ಸಾಲು ಓದಿದರು. ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

"ಇದನ್ನ ಅವಳೇ ಬರೆದದ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಮೇಡಂ?" ಎಂದು ಕೇಳಿದರು.

ಎರಡು ದಿನದಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಹುಡುಕಿದ್ದ ಗೌರಾದೇವಿ ಹರಡಿದ್ದ ಕಾಗದಗಳನ್ನು ಒಟ್ಟುಮಾಡಿ ಬದಿಗಿಟ್ಟರು. "ನಾನು ಹೇಳಿದ್ರೆ ನೀವು ನಂಬಬೇಕಾಗಿಲ್ಲ ಸರ್. ನಾಳೆ ಅವಳನ್ನೇ ಇಲ್ಲಿಗೆ ಕರೆಸ್ತೀನಿ."

"ಇಲ್ಲಿಗೆ ಬೇಡ," ಎಂದರು ಸುಲೋಚನಾ, ಎದ್ದು ನಿಲ್ಲುತ್ತ. "ಈ ಜಾಗಕ್ಕೆ ಆ ಹುಡುಗಿ ಬರೋದು ಬೇಡ. ಅವಳಿರೋ ಕಡೆ ನಾವೇ ಹೋಗ್ತೀವಿ."

ಗಣಪತಿ ತಮ್ಮ ಕಾರಿನ ಕೀಲಿಗಾಗಿ ಒಂದೊಂದೇ ಜೇಬು ತಡಕತೊಡಗಿದರು. ಪಾವನಾ ತನ್ನ ಕಾರಿನ ಕೀಲಿ ತೆಗೆದುಕೊಂಡಳು.

"ನಾನು ಡ್ರೈವ್ ಮಾಡ್ತೀನಿ ಅಂಕಲ್," ಎಂದಳು. ವಿಜಯಾ ತಲೆಯೆತ್ತಿ ಅವಳತ್ತ ನೋಡಿದರು. ಪಾವನಾ ಅಪ್ಪಣೆ ಕೇಳಲಿಲ್ಲ.