ಸೊನ್ನೆ ಆರ್ತ

ಕೂದಲೆಳೆಯಷ್ಟು ತೆಳುವಾದ ತಂತಿಯನ್ನು ದಾದಿ ಅಶ್ವತ್ಥಮ್ಮನ ಕತ್ತಿನ ಹಿಂದೆ ಅಂಟಿಸಿದಳು. ಪರದೆಯ ಮೇಲೆ ಅಂಕಿ ಮೂಡಿತು: ೧.೧ ಆರ್ತ.

“ಮೂರು ದಾಟಿದ್ರೆ ಮಾತ್ರ ಮಾರ್ಫಿನ್ ಅಜ್ಜಿ. ನಾನೇನ್ ಮಾಡ್ಲಿ?”

“ಬೆನ್ನುಮೂಳೆ ಒಳಗೆ ಗೆಡ್ಡೆ ಕೂತೈತೆ. ನಿನ್ನ ಡಬ್ಬಿಗೆ ಹೇಳಮ್ಮ ಅದನ್ನ,” ಎಂದಳು ಅಶ್ವತ್ಥಮ್ಮ, ಹಲ್ಲು ಕಚ್ಚಿ.

೨೦೬೬ರ ಹೊತ್ತಿಗೆ ಮೀಟರು, ಕಿಲೋಗ್ರಾಮುಗಳ ಸಾಲಿಗೆ ಆರ್ತವೂ ಸೇರಿತ್ತು. ನರಗಳಲ್ಲಿ ಹರಿಯುವ ವಿದ್ಯುತ್ತನ್ನು ಓದಿ ನೋವನ್ನು ಅಂಕಿಯಾಗಿಸುವ ಮಾಪಕ. ತೊಂಬತ್ತು ದೇಶಗಳು ಒಪ್ಪಿದ ಏಕಮಾನ. ಇನ್ನು ಯಾರ ನರಳಾಟವನ್ನೂ ನಂಬಬೇಕಾಗಿರಲಿಲ್ಲ.

ಅದನ್ನು ಕಂಡುಹಿಡಿದ ಡಾ. ವಾರಿಜಾ ಅಂದು ಮಾಪಕಗಳ ವಾರ್ಷಿಕ ತಪಾಸಣೆಗೆ ಬಂದಿದ್ದಳು. ಅಶ್ವತ್ಥಮ್ಮ ಅವಳ ಮುಖವನ್ನೇ ದಿಟ್ಟಿಸಿದಳು.

“ನೀವೇ ಅಲ್ವಾ? ಶಿಡ್ಲಘಟ್ಟದಾಗೆ ನಾವು ರೇಷ್ಮೆ ನೂಲು ತೆಗೆಯೋ ಕಡೆ ಬಂದು ಕತ್ತಿಗೆ ತಂತಿ ಹಾಕಿದ್ರಲ್ಲ? ಇಪ್ಪತ್ತು ವರ್ಸ ಆಯ್ತು.”

ವಾರಿಜಾಗೆ ನೆನಪಾಯಿತು. ಮಾಪಕಕ್ಕೊಂದು ಸೊನ್ನೆ ಬೇಕಿತ್ತು, ಅಂದರೆ ನೋವೇ ಇಲ್ಲದವರ ನರ. ಪ್ರಯೋಗಾಲಯಕ್ಕೆ ಹತ್ತಿರವೆಂದು ಮೂವತ್ತೆರಡು ಹೆಂಗಸರನ್ನು ಕೆಲಸದ ನಡುವೆಯೇ ಅಳೆದಿದ್ದಳು. “ಈಗ ಎಲ್ಲಾದರೂ ನೋವಿದೆಯಾ?” ಎಂದು ಒಬ್ಬೊಬ್ಬರನ್ನೂ ಕೇಳಿದ್ದಳು. ಮೂವತ್ತೆರಡು ಮಂದಿಯೂ ಇಲ್ಲವೆಂದಿದ್ದರು. ಅವರ ಸರಾಸರಿಯೇ ಜಗತ್ತಿನ ಸೊನ್ನೆಯಾಯಿತು.

“ನೋವಿಲ್ಲ ಅಂದಿದ್ರಲ್ಲಮ್ಮ, ನೀವೇ?”

“ಅನ್ನದೆ? ಸಾವ್ಕಾರ ನಿಮ್ಮ ಬೆನ್ನ ಹಿಂದೇನೇ ನಿಂತಿದ್ದ. ನೋಯ್ತದೆ ಅಂದೋಳ್ಗೆ ನಾಳೆಯಿಂದ ಬರಬೇಡ ಅಂತಿದ್ದ. ಕುದಿಯೋ ನೀರಾಗೆ ದಿನಾ ಎಂಟು ಗಂಟೆ ಕೈ ಬೇಯ್ತಿತ್ತು ತಾಯಿ. ಬೆರಳು ನೋಡಿದ್ರೂ ತಿಳೀತಿರ್ಲಿಲ್ವಾ? ಅಷ್ಟೊಂದು ಓದಿದೋರು!”

ವಾರಿಜಾಗೆ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಸೊನ್ನೆಯನ್ನು ಅದರ ನಿಜವಾದ ಜಾಗಕ್ಕೆ ಇಳಿಸಿದರೆ ಈ ೧.೧ ನಾಲ್ಕನ್ನು ದಾಟುತ್ತಿತ್ತು. ಇಳಿಸುವ ಹಕ್ಕು ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಸೇರುವ ಅಂತರರಾಷ್ಟ್ರೀಯ ಸಮ್ಮೇಳನದ್ದು. ಅದು ಹೋದ ತಿಂಗಳಷ್ಟೇ ಮುಗಿದಿತ್ತು.

“ಬರೆದು ಕಳಿಸ್ತೀನಿ. ಮುಂದಿನ ಸಭೇಲಿ ಸರಿಮಾಡ್ತಾರೆ.”

“ಯಾವಾಗ?”

“ನಾಲ್ಕು ವರ್ಷ.”

ಅಶ್ವತ್ಥಮ್ಮನಿಗೆ ನಗು ಬಂತು. ನಕ್ಕಿದ್ದಕ್ಕೆ ಬೆನ್ನು ಹಿಡಿದುಕೊಂಡಿತು. ಅಂಕಿ ೧.೩ ಆಯಿತು.

ವಾರಿಜಾ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು: ಮಾಪಕ ಸರಿಯಾಗಿದೆ. ಮಾನದಂಡದ ಪ್ರಕಾರ ಅದು ಸುಳ್ಳೂ ಆಗಿರಲಿಲ್ಲ.

ಹದಿನೇಳನೆಯ ದಿನ ಅಶ್ವತ್ಥಮ್ಮ ತೀರಿಕೊಂಡಳು. ದಾದಿ ಬರೆದುಕೊಂಡ ಕೊನೆಯ ಅಂಕಿ ೨.೯.

ಇದೆಲ್ಲ ನಡೆಯಲು ಇನ್ನೂ ನಲವತ್ತು ವರ್ಷವಿದೆ. ಈಗ ಅಶ್ವತ್ಥಮ್ಮನಿಗೆ ಇಪ್ಪತ್ತು. ಇವತ್ತು ಬೆಳಿಗ್ಗೆ ರೇಷ್ಮೆಗೂಡು ಬೇಯುವ ನೀರಿಗೆ ಮೊದಲ ಸಲ ಕೈ ಹಾಕಿ ಕಿರುಚಿದ್ದಾಳೆ. ಪಕ್ಕದಲ್ಲಿ ಕೂತವಳು ಮೊಣಕೈಯಿಂದ ತಿವಿದು, ಸುಮ್ಮನಿರುವುದನ್ನು ಕಲಿಸುತ್ತಿದ್ದಾಳೆ.