ಹಣೆಯ ಅಂಕ

ಬಹಳ ಹಿಂದೆ, ಹದ್ದುಗಳಷ್ಟೇ ಕಂಡಿದ್ದ ದೂರದಲ್ಲಿ ಚೌಕಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಜನಕ್ಕೆ ಚದುರಂಗವೆಂದರೆ ಪ್ರಾಣ. ಅದೇ ಅವರಿಗೆ ಮುಳುವಾಯಿತು ನೋಡಿ.

ಕಂಕಾಳನೆಂಬ ಮಾಂತ್ರಿಕ ಬಂದು ರಾಜನನ್ನು ಕಪ್ಪೆ ಮಾಡಿ ಬಾವಿಗೆ ಬಿಟ್ಟ. ಆಮೇಲೆ ಎಲ್ಲರ ಹಣೆಯ ಮೇಲೂ ಹೊಳೆಯುವ ಅಂಕ ಮೂಡಿಸಿದ. ಶುರುವಿಗೆ ಎಲ್ಲರಿಗೂ ಸಾವಿರದ ಐನೂರು. ಇಬ್ಬರು ಆಡಿದರೆ ಸೋತವರ ಹಣೆಯಿಂದ ಗೆದ್ದವರ ಹಣೆಗೆ ಅಂಕ ಹರಿಯುತ್ತಿತ್ತು. ತನಗಿಂತ ದೊಡ್ಡ ಅಂಕದವರನ್ನು ಸೋಲಿಸಿದರೆ ರಾಶಿ ರಾಶಿ, ಚಿಕ್ಕವರನ್ನು ಸೋಲಿಸಿದರೆ ಬರೀ ಹೊಟ್ಟು. ಸಾವಿರಕ್ಕಿಂತ ಕೆಳಗಿಳಿದವರು ಕಲ್ಲಿನ ಕಾಯಿಗಳಾಗಿ ಮಾಂತ್ರಿಕನ ಅಂಗಳ ಸೇರುತ್ತಿದ್ದರು. ಎರಡು ಸಾವಿರ ಮುಟ್ಟಿದವರು ಒಂದು ಕಲ್ಲನ್ನು ಬಿಡಿಸಿಕೊಳ್ಳಬಹುದಿತ್ತು. ಆಡುವುದೇ ಬೇಡವೆಂದರೆ? ಆಡದವರ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಸಾಲದ್ದಕ್ಕೆ ಅವರ ಅಂಕ ಹಾಲುಹಲ್ಲಿನಂತೆ ಸಡಿಲವಾಗಿ, ಮುಂದಿನ ಒಂದೇ ಸೋಲಿಗೆ ನೂರಾರು ಉದುರುತ್ತಿತ್ತು.

ಬೊಪ್ಪಣ್ಣ ಕಲ್ಲಿನ ಕುದುರೆಯಾದ ದಿನ ಅವನ ತಂಗಿ ಪದ್ಮಲೆ ಅಳಲಿಲ್ಲ. ಅತ್ತರೆ ಮಣೆ ಕಾಣುವುದಿಲ್ಲ. ಅಣ್ಣನನ್ನು ಬಿಡಿಸಿಯೇ ತೀರುತ್ತೇನೆಂದು ಹೊರಟಳು.

ಮೊದಲು ಗವಿಯ ಕರಡಿಯ ಜೊತೆ ಆಡಿದಳು. ಗೆದ್ದಳು. ಆಮೇಲೆ ಕೋಟೆಯ ಮೇಲಿನ ಮಾತಾಡುವ ಗಿಡುಗದ ಜೊತೆ ಆಡಿದಳು. ಅಲ್ಲೂ ಗೆದ್ದಳು. ಹಣೆಯ ಅಂಕ ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಇನ್ನೊಂದೇ ಒಂದು ಬೇಕು. ಆದರೆ ಅವಳ ಅಂಕಕ್ಕೆ ಹೆದರಿ ಯಾರೂ ಎದುರು ಕೂರಲಿಲ್ಲ. ಕೊನೆಗೆ ಬಂದವಳು ಕೆಂಚವ್ವಜ್ಜಿ, ಒಲೆ ಹತ್ತಿಸಲೇಬೇಕಿದ್ದ ಬಡವಿ. ಅವಳ ಹಣೆಯ ಮೇಲೆ ಸರಿಯಾಗಿ ಸಾವಿರ.

"ನೀನು ಗೆದ್ರೆ ನಿಂಗೆ ಬರೋದು ಒಂದೇ ಮಗಳೇ," ಅಂದಳು ಅಜ್ಜಿ. "ನನ್ನಿಂದ ಹೋಗೋದೂ ಒಂದೇ. ಆದ್ರೆ ಅದೊಂದು ಹೋದ್ರೆ ನಾನೇ ಇರಲ್ಲ."

ಒಂದೇ ನಡೆಯಲ್ಲಿ ಅಣ್ಣ ಸಿಗುತ್ತಿದ್ದ. ಪದ್ಮಲೆ ಬೇಕೆಂದೇ ಮಂತ್ರಿಯನ್ನು ಒಪ್ಪಿಸಿ ಸೋತಳು. ಅಜ್ಜಿಯ ಹಣೆ ತುಂಬಿತು.

ಸುದ್ದಿ ಹರಡಿತು. ಸಾವಿರದ ಅಂಚಿನಲ್ಲಿ ತೂಗಾಡುತ್ತಿದ್ದವರೆಲ್ಲ ಅವಳ ಬಾಗಿಲಿಗೆ ಬಂದರು. ಯಾರನ್ನು ಕಲ್ಲು ಮಾಡುವುದು ಹೇಳಿ? ಎಲ್ಲರಿಗೂ ಸೋತಳು. ಅಂಕ ಇಳಿಯುತ್ತಾ ಇಳಿಯುತ್ತಾ ಸಾವಿರದ ಹತ್ತಿರ ಬಂತು. ಈಗ ಜನ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವಳಿಂದ ಅಂಕ ಪಡೆದವರೂ ಹಾಗೇ ಮಾಡಿದರು. ನಾನು ಕೆಲಸಕ್ಕೆ ಬಾರದವಳು ಎಂದು ಅವಳೂ ನಂಬಿಬಿಟ್ಟಳು. ಅಣ್ಣನ ಪಕ್ಕದಲ್ಲಿ ಕಲ್ಲಾಗಿ ನಿಂತರೆ ಸಾಕೆಂದು ಮಾಂತ್ರಿಕನ ಅಂಗಳಕ್ಕೆ ಹೋದಳು.

"ನಿನ್ನ ಜೊತೆಗೇ ಆಡ್ತೀನಿ," ಅಂದಳು.

ಕಂಕಾಳನ ಹಣೆಯ ಮೇಲೆ ಮೂರು ಸಾವಿರವಿತ್ತು. ಎಷ್ಟೋ ತಲೆಮಾರಿನಿಂದ ಅವನು ಕಾಯಿ ಮುಟ್ಟಿರಲಿಲ್ಲ. ಅವಳ ಹಣೆ ನೋಡಿ ಬಿದ್ದು ಬಿದ್ದು ನಕ್ಕ. "ಸಾವಿರದವಳೇ! ಬಾ, ನಿನ್ನನ್ನೂ ನಿಲ್ಲಿಸ್ತೀನಿ." ಆಟವಿಡೀ ಅವನು ನೋಡಿದ್ದು ಅವಳ ಹಣೆಯನ್ನೇ. ಮಣೆಯ ಕಡೆ ಕಣ್ಣು ಹಾಯಿಸಲಿಲ್ಲ.

ಪದ್ಮಲೆ ಮಣೆ ನೋಡುತ್ತಿದ್ದಳು. ಇದೇನು, ಇವನ ಒಂಟೆಗೆ ಕಾವಲಿಲ್ಲ! ರಾಜನ ಸುತ್ತ ಬಯಲು! ಇಳಿದದ್ದು ತನ್ನ ಅಂಕವೇ ಹೊರತು ಆಟವಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಶಹ," ಅಂದಳು. ಆ ರಾಜನಿಗೆ ಓಡಲು ಮನೆಯೇ ಇರಲಿಲ್ಲ.

ಅಷ್ಟು ಸಡಿಲವಾಗಿದ್ದ ಅಂಕ, ಸೋತದ್ದೂ ಅಷ್ಟು ಚಿಕ್ಕವಳಿಗೆ. ಮಾಂತ್ರಿಕನ ಹಣೆಯಿಂದ ಅಂಕ ದಬದಬನೆ ಸುರಿದು ಸಾವಿರದ ಕೆಳಗೆ ಹೋಯಿತು. ಬಾಯಿ ತೆರೆದಂತೆಯೇ ಅವನು ಕಲ್ಲಾದ. ಮಾಯೆ ಹರಿಯಿತು. ರಾಜ ಬಾವಿಯಿಂದ ಎದ್ದು ಬಂದ, ಮಾಂತ್ರಿಕನೊಬ್ಬನನ್ನು ಬಿಟ್ಟು ಕಲ್ಲುಗಳೆಲ್ಲ ಮನುಷ್ಯರಾದವು, ಹಣೆಗಳೆಲ್ಲ ಬರಿದಾದವು.

ಬೊಪ್ಪಣ್ಣ ಕಣ್ಣುಬಿಟ್ಟ. ತಂಗಿಯನ್ನು ನೋಡುವ ಮೊದಲು ಹಣೆ ಮುಟ್ಟಿಕೊಂಡ.

"ನಂದು ಎಷ್ಟಿದೆ?"

"ಇಲ್ಲ ಅಣ್ಣ. ಯಾರಿಗೂ ಇಲ್ಲ."

ಅವನು ಗಾಬರಿಯಿಂದ ಅವಳ ಬರಿಯ ಹಣೆಯನ್ನೇ ನೋಡಿದ. "ಹಾಗಾದ್ರೆ ನಾನು ಏನು?"

ಪದ್ಮಲೆ ಅಷ್ಟು ದಿನ ತಡೆದಿದ್ದ ಅಳುವನ್ನೆಲ್ಲ ಆಗ ಅತ್ತಳು. "ನನ್ನ ಅಣ್ಣ," ಅಂದಳು.

ಚೌಕಾವತಿಯವರು ಆಮೇಲೆ ಸುಖವಾಗಿಯೇ ಬಾಳಿದರು. ಆದರೂ ಎದುರಿಗೆ ಯಾರಾದರೂ ಸಿಕ್ಕರೆ, ಮಾತಾಡಿಸುವ ಮೊದಲು ಅವರ ಕಣ್ಣು ಹಣೆಯ ಕಡೆಗೆ ಹೋಗುವುದು ಬಹಳ ಕಾಲ ನಿಲ್ಲಲಿಲ್ಲ.